ಸಂಧಿ ಬಾರದ ಯಂತ್ರವೂ ನಮ್ಮ ಮಾವನೂ

ನಮ್ಮ ಸೋದರಮಾವನ ಎದುರಿಗೆ ಆಕಳಿಸುವುದಕ್ಕೂ ವ್ಯಾಕರಣ ಗೊತ್ತಿರಬೇಕು. 'ಆ' ಎಂದು ಬಾಯಿ ತೆರೆದಿರೋ, ಕೆಟ್ಟಿರಿ! 'ಹಾ' ಎಂದೇ ಆಕಳಿಸಬೇಕು. ಯಳಂದೂರಿನ ಸುತ್ತಮುತ್ತಲ ಶಾಲೆಗಳಲ್ಲಿ ಮೂವತ್ತಾರು ವರ್ಷ ಕನ್ನಡ ಪಂಡಿತರಾಗಿದ್ದು ನಿವೃತ್ತರಾದವರು. ನಮ್ಮ ಸೀಮೆಯಲ್ಲಿ ಯಾರ ಬಾಯಲ್ಲೂ ಹಕಾರ ನಿಲ್ಲುವುದಿಲ್ಲ. ಹಾಲು ಆಲಾಗುತ್ತದೆ, ಹಸು ಅಸುವಾಗುತ್ತದೆ, ಹೆಂಡತಿಯಂತೂ ಮದುವೆಯ ದಿನದಿಂದಲೇ ಎಂಡ್ತಿ. ಇಂಥ ಕಡೆ ಹುಟ್ಟಿ ಬೆಳೆದೂ ಮಾವ ಒಂದೇ ಒಂದು ಹಕಾರವನ್ನು ಕೈಬಿಟ್ಟವರಲ್ಲ. ಮೂರು ತಾಲ್ಲೂಕಿನ ಜನ ಬೀದಿಗೆ ಬಿಟ್ಟ ಹಕಾರಗಳನ್ನೆಲ್ಲ ತನ್ನಣ್ಣ ಆಯ್ದು ತಂದು ಅಟ್ಟದ ಮೇಲೆ ಇಟ್ಟಿದ್ದಾನೆ ಎಂದು ನಮ್ಮಮ್ಮ ಹೇಳುತ್ತಿದ್ದಳು.

ಇಂಥವರಿಗೆ ಗಂಟುಬಿದ್ದ ನಮ್ಮ ಅತ್ತೆ ಎಲ್ಲಿಯವರು ಅಂದುಕೊಂಡಿರಿ? ಹನೂರಿನ ಆಚೆ, ಪಾಲಾರ್ ದಾರಿಯ ಹಳ್ಳಿಯವರು! ಮದುವೆಯಾದ ಹೊಸತರಲ್ಲಿ ಇಬ್ಬರೂ ಅತ್ತೆಯ ತವರಿಗೆ ಹೊರಟು ಕೊಳ್ಳೇಗಾಲದ ಬಸ್‌ಸ್ಟ್ಯಾಂಡಿನಲ್ಲಿ ನಿಂತಿದ್ದರಂತೆ. ಕಂಡಕ್ಟರ್ "ಅನೂರ್, ಅನೂರ್, ಯಾರ್ರೀ ಅನೂರು!" ಎಂದು ಕೂಗಿದ. ಮಾವ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು, "ಅನೂರು ಎಂಬ ಊರು ಈ ಸೀಮೆಯಲ್ಲಿಲ್ಲ" ಎಂದರು.

"ಅಂಗಾರೆ ಇಲ್ಲೇ ಇರಿ ಸಾ, ನಾವು ಓಯ್ತೀವಿ" ಎಂದು ಅವನು ರೈಟ್ ಹೇಳಿಬಿಟ್ಟ. ಮುಂದಿನ ಬಸ್ಸು ಎರಡು ಗಂಟೆಯ ನಂತರ. ಅತ್ತೆ ಬ್ಯಾಗನ್ನು ಕೆಳಗಿಟ್ಟು ಅದರ ಮೇಲೇ ಕೂತು, "ಬುಡಿ, ನಿಮ್ಮ 'ಹ' ಬರ್ಲಿ, ಅದುರ್ ಮ್ಯಾಲೇ ಕೂತ್ಕಂಡು ಓಗಣ" ಎಂದರಂತೆ.

ಇನ್ನೊಮ್ಮೆ ಅತ್ತೆ ಅಂಗಳದಲ್ಲಿ ಅಕ್ಕಿ ಒಣಹಾಕಿ ಒಲೆಯ ಮುಂದಿದ್ದರು. ಕಿಟಕಿಯಿಂದ ನೋಡಿ, "ರೀ, ಅಕ್ಕಿ ಅಕ್ಕಿ ತಿಂತಾ ಅವೆ, ಓಡುಸ್ರೀ!" ಎಂದು ಕೂಗಿದರು. ಮಾವ ಪೇಪರು ಮಡಿಸಿ, "ಇದರಲ್ಲಿ ಕರ್ತೃಪದ ಯಾವುದು? ಮೊದಲನೆಯ ಅಕ್ಕಿಯೋ ಎರಡನೆಯದೋ?" ಎಂದರು. ವಾಕ್ಯ ತಿದ್ದಿ ಮುಗಿಯುವಷ್ಟರಲ್ಲಿ ಹಕ್ಕಿಗಳು ಅಕ್ಕಿಯನ್ನೂ ಮುಗಿಸಿ ಬಿಳಿಗಿರಿರಂಗನ ಬೆಟ್ಟ ಸೇರಿಯಾಗಿತ್ತು. ಅತ್ತೆ ಇದನ್ನು ನಗುತ್ತಲೇ ಹೇಳುತ್ತಿದ್ದರು. ನಾವೂ ನಗುತ್ತಿದ್ದೆವು.

ಕಳೆದ ವರ್ಷ ಅತ್ತೆಗೆ ಲಕ್ವ ಹೊಡೆಯಿತು. ಕೈಕಾಲು ಮೂರು ತಿಂಗಳಲ್ಲಿ ದಾರಿಗೆ ಬಂದವು. ಮಾತು ಮಾತ್ರ ಬಿಡಿಬಿಡಿಯಾಯಿತು. 'ನೀರು' ಎಂದು ನಿಂತರೆ 'ಬಿಸಿ' ಎನ್ನಲು ಇನ್ನೊಂದು ಗಳಿಗೆ ಬೇಕು, ಅಷ್ಟರಲ್ಲಿ ಮೊದಲಿನದು ಮರೆತಿರುತ್ತದೆ. ಪಕ್ಕದ ಮನೆಯಾಕೆಯ ಹತ್ತಿರ ಹೇಗೋ ನಾಲ್ಕು ಮಾತಾಡುತ್ತಿದ್ದ ಅತ್ತೆ, ಮಾವ ಒಳಗೆ ಬಂದರೆ ಬಾಯಿ ಮುಚ್ಚಿಬಿಡುತ್ತಿದ್ದರು. "ಮೇಷ್ಟ್ರು ತಿದ್ಬುಡ್ತಾರೆ ಅಂತ ಎದ್ರುಕತಾರೆ ಕಣವ್ವ" ಎಂದು ಆಕೆ ನನಗೆ ಗುಟ್ಟಾಗಿ ಹೇಳಿದಳು. ನಮ್ಮೂರಿನ ಗುಟ್ಟು! ಮಾವನ ಕಿವಿಗೆ ಅದು ಆಗಲೇ ಮುಟ್ಟಿತ್ತು.

ನಾನು ಕೊಳ್ಳೇಗಾಲದಲ್ಲಿ ಪುಟ್ಟದೊಂದು ಕಂಪ್ಯೂಟರ್ ತರಗತಿ ನಡೆಸುತ್ತೇನೆ. ಒಂದು ಸೋಮವಾರ ಬೆಳಿಗ್ಗೆ ಮಾವ ಇಸ್ತ್ರಿ ಮಾಡಿದ ಜುಬ್ಬಾ ಹಾಕಿ, ಇನ್ನೂರು ಪುಟದ ನೋಟ್‌ಬುಕ್ ಹಿಡಿದು ಮುಂದಿನ ಬೆಂಚಿನಲ್ಲಿ ಬಂದು ಕೂತರು.

"ನಿನ್ನ ಅತ್ತೆ ಒಂದೊಂದೇ ಪದ ಹೇಳಬೇಕು. ನಾನು ಒಂದೊಂದು ಸಾಲಿನಲ್ಲಿ ಒತ್ತಬೇಕು. ಯಂತ್ರ ಅವನ್ನೆಲ್ಲ ಜೋಡಿಸಿ, ವಾಕ್ಯ ಮಾಡಿ, ದಪ್ಪ ಅಕ್ಷರದಲ್ಲಿ ಅವಳಿಗೆ ತೋರಿಸಬೇಕು. ಇಷ್ಟು ಕಲಿಸು."

"ಹತ್ತು ಸಾಲಿನ ಕೆಲಸ ಮಾವ, ನಾನೇ ಬರೆದುಕೊಡ್ತೀನಿ."

"ಕಾಪಿ ಹೊಡೆಯುವುದೇ? ನಾನೇ?" ಎಂದು ಕನ್ನಡಕದ ಮೇಲಿಂದ ನೋಡಿದರು. ನಾನು ತೆಪ್ಪಗೆ ಪಾಠ ಶುರುಮಾಡಿದೆ.

ಅಕ್ಷರಗಳ ಸಾಲಿಗೆ ಪ್ರೋಗ್ರಾಮಿನಲ್ಲಿ ಸ್ಟ್ರಿಂಗ್ ಎನ್ನುತ್ತಾರೆ, ಅಂದರೆ ದಾರ ಎಂದೆ. "ದಾರಕ್ಕೆ ದಾರ ಸೇರಿಸುವುದನ್ನು ಕೊಳ್ಳೇಗಾಲದಲ್ಲಿ ಹೇಳಿಕೊಡಬೇಕೇ? ಬೀದಿಗೊಂದು ರೇಷ್ಮೆ ಮಗ್ಗವಿತ್ತು" ಎಂದರು. ಎರಡು ಸ್ಟ್ರಿಂಗ್ ಕೂಡಿಸಲು ನಡುವೆ ಪ್ಲಸ್ ಚಿಹ್ನೆ ಹಾಕಬೇಕು ಎಂದು ಬೋರ್ಡಿನ ಮೇಲೆ ಬರೆದದ್ದೇ ತಡ, ಮಾವ ಎದ್ದೇ ನಿಂತರು. "ಇದು ನಮ್ಮದು! ಊರು ಪ್ಲಸ್ ಅಲ್ಲಿ, ಊರಲ್ಲಿ! ಲೋಪಸಂಧಿ!" ಕೂಡಲೇ ಯಂತ್ರಕ್ಕೆ ಪರೀಕ್ಷೆಯೂ ನಡೆಯಿತು. ಊರು, ಅಲ್ಲಿ ಎಂದು ಕೊಟ್ಟರು. ತೆರೆಯ ಮೇಲೆ 'ಊರುಅಲ್ಲಿ' ಎಂದು ಬಂತು. ಬೆಟ್ಟ, ತಾವರೆ ಎಂದು ಕೊಟ್ಟರು. ಬೆಟ್ಟದಾವರೆ ಆಗಲಿಲ್ಲ, 'ಬೆಟ್ಟತಾವರೆ' ಆಯಿತು. "ಇದಕ್ಕೆ ಏಳನೇ ಕ್ಲಾಸಿನ ವ್ಯಾಕರಣವೂ ಬರುವುದಿಲ್ಲವಲ್ಲ! ಇದನ್ನು ಪಾಸು ಮಾಡಿದವರು ಯಾರು?" ಎಂದರು.

ಮರುದಿನ ಉದ್ಧರಣ ಚಿಹ್ನೆಯ ರಾದ್ಧಾಂತ. ಮಾವ ಉದ್ದ ವಾಕ್ಯವೊಂದನ್ನು ಶುರುಮಾಡಿ, ಸಾಲು ಸಾಲದೆ, ಕೆಳಗಿನ ಸಾಲಿಗೆ ಇಳಿದು ಅಲ್ಲಿ ಚಿಹ್ನೆ ಮುಚ್ಚಿದರು. ಯಂತ್ರ ಕೆಂಪಕ್ಷರದಲ್ಲಿ ತಪ್ಪು ತೋರಿಸಿತು. ಒಂದು ಸಾಲಿನಲ್ಲಿ ತೆರೆದದ್ದನ್ನು ಆ ಸಾಲಿನಲ್ಲೇ ಮುಚ್ಚಬೇಕು, ಆಮೇಲೆ ಪ್ಲಸ್ ಹಾಕಿ ಮುಂದಿನ ಸಾಲನ್ನು ಸೇರಿಸಬೇಕು ಎಂದು ವಿವರಿಸಿದೆ. "ಆಡುವವನ ಮಾತು ಮುಗಿಯದೆ ಚಿಹ್ನೆ ಮುಚ್ಚಬಾರದು, ಅದು ನಿಯಮ" ಎಂದು ಅವರು ಇನ್ನೊಮ್ಮೆ ಹಾಗೇ ಒತ್ತಿದರು. ಇನ್ನೊಮ್ಮೆ ಕೆಂಪು. ಹಿಂದೆ ಕೂತಿದ್ದ ಮಧುವನಹಳ್ಳಿಯ ಹುಡುಗಿ ಬಗ್ಗಿ ನೋಡಿ, "ಮೇಷ್ಟ್ರೇ, ನಿಮ್ಗೂ ಕೆಂಪಿಂಕು ಆಕ್ಬುಡ್ತಾ?" ಎಂದಳು. ಅವಳ ತಾಯಿ ಮಾವನ ಹಳೆಯ ಶಿಷ್ಯೆಯಂತೆ. ಲೆಕ್ಕ ಒಂದು ತಲೆಮಾರು ತಡವಾಗಿ ಚುಕ್ತಾ ಆಯಿತು.

ಆಮೇಲೆ ಅವರ ಪದಗಳೆಲ್ಲ ಅಂಟಿಕೊಳ್ಳತೊಡಗಿದವು. 'ನೀರುಬಿಸಿಬೇಕು'. ನಡುವೆ ಜಾಗ ಬೇಕಿದ್ದರೆ ಜಾಗವನ್ನೂ ನಾವೇ ಸೇರಿಸಬೇಕು ಮಾವ, ಯಂತ್ರಕ್ಕೆ ಖಾಲಿ ಜಾಗವೂ ಒಂದು ಅಕ್ಷರ ಎಂದೆ. "ವರ್ಣಮಾಲೆಯಲ್ಲಿ ಎಲ್ಲಿದೆ ಅದು? ಸ್ವರವೋ ವ್ಯಂಜನವೋ?" ಎಂದು ಗದರಿದರು. ಆದರೂ ನೋಟ್‌ಬುಕ್ಕಿನಲ್ಲಿ ದುಂಡಗೆ ಬರೆದುಕೊಂಡರು, 'ಸುಮ್ಮನಿರುವುದೂ ಒಂದು ಅಕ್ಷರ' ಎಂದು. ನಾನು ಹೇಳಿದ್ದು ಹಾಗಲ್ಲ. ತಿದ್ದುವ ಧೈರ್ಯ ನನಗಿರಲಿಲ್ಲ.

ಮೂರನೆಯ ವಾರ ಅವರು ಕೇಳಿದ್ದು ಮಾತ್ರ ವಿಚಿತ್ರವಾಗಿತ್ತು.

"ಕೊಟ್ಟದ್ದನ್ನು ಕೊಟ್ಟ ಹಾಗೆಯೇ ಇಟ್ಟುಕೊಳ್ಳುತ್ತದೆಯೇ ಇದು?"

"ಹೌದು ಮಾವ."

"ತಪ್ಪು ಪದ ಕೊಟ್ಟರೂ? ತಿದ್ದುವುದೇ ಇಲ್ಲವೇ?"

"ಇಲ್ಲ ಮಾವ. ಅಷ್ಟು ಬುದ್ಧಿ ಇಲ್ಲ ಅದಕ್ಕೆ."

ಮಾವ ಪೆನ್ನಿನ ಮುಚ್ಚಳ ಹಾಕಿ ಜುಬ್ಬಾದ ಜೇಬಿಗೆ ಸಿಕ್ಕಿಸಿಕೊಂಡು ಎದ್ದರು. ಮಾರನೆಯ ದಿನದಿಂದ ತರಗತಿಗೆ ಬರಲಿಲ್ಲ.

ಸಂಧಿಯಿಲ್ಲದ ಯಂತ್ರದ ಮೇಲೆ ಮುನಿಸಿಕೊಂಡರು ಎಂದೇ ನಾನು ತಿಳಿದೆ. ಪಾಪ ಎನಿಸಿ, ಹದಿನೈದು ದಿನ ತಲೆಕೆರೆದುಕೊಂಡು, ಲೋಪ, ಆಗಮ, ಆದೇಶ ಮೂರನ್ನೂ ಮಾಡುವ ಪ್ರೋಗ್ರಾಮು ಬರೆದೆ. ಬಿಟ್ಟುಹೋದ ಹಕಾರವನ್ನು ಹುಡುಕಿ ಸೇರಿಸುವ ಏರ್ಪಾಡನ್ನೂ ಮಾಡಿದೆ. ಪೆನ್‌ಡ್ರೈವಿಗೆ ಹಾಕಿಕೊಂಡು, ಬಹುಮಾನ ಸಿಗುವವಳ ಹಾಗೆ, ಭಾನುವಾರ ಯಳಂದೂರಿನ ಬಸ್ಸು ಹತ್ತಿದೆ.

ಅಂಗಳದಲ್ಲಿ ಅಕ್ಕಿ ಒಣಹಾಕಿತ್ತು. ನಡುಮನೆಯಲ್ಲಿ ಅತ್ತೆ ಕುರ್ಚಿಯ ಮೇಲೆ ಕಿಟಕಿಯ ಕಡೆ ಮುಖಮಾಡಿ ಕೂತಿದ್ದರು. ಪಕ್ಕದಲ್ಲಿ ಮಾವ, ಅವರ ಮುಂದೆ ಹೊಸದೊಂದು ಲ್ಯಾಪ್‌ಟಾಪು. ನನ್ನನ್ನು ನೋಡಿ ಸುಮ್ಮನಿರು ಎಂಬಂತೆ ಕೈ ತೋರಿಸಿದರು.

ಅತ್ತೆ, "ಅಕ್ಕಿ" ಎಂದರು. ಮಾವ ಒಂದು ಸಾಲು ಒತ್ತಿದರು. ಗೋಡೆ ಗಡಿಯಾರ ಟಕಟಕ ಎನ್ನುತ್ತಿತ್ತು. ಮುಂದಿನ ಪದ ಯಾವುದೆಂದು ನನಗೇ ಗೊತ್ತಾಗಿ ನಾಲಗೆ ತುದಿಗೆ ಬಂದಿತ್ತು, ಮಾವನಿಗೆ ಗೊತ್ತಾಗದೆ ಇರುತ್ತದೆಯೇ? ತುಟಿ ಬಿಗಿಹಿಡಿದು ಕೂತಿದ್ದರು. "ಅಕ್ಕಿ" ಎಂದರು ಅತ್ತೆ ಮತ್ತೆ. ಇನ್ನೊಂದು ಸಾಲು. ಎಷ್ಟೋ ಹೊತ್ತಿಗೆ "ತಿಂತಾ" ಬಂತು, ಕೊನೆಗೆ "ಅವೆ". ಮಾವ ಗುಂಡಿ ಒತ್ತಿದರು. ತೆರೆ ತುಂಬ ದಪ್ಪಕ್ಷರದಲ್ಲಿ, ನಡುನಡುವೆ ಜಾಗ ಬಿಟ್ಟು ಮೂಡಿತು:

ಅಕ್ಕಿ ಅಕ್ಕಿ ತಿಂತಾ ಅವೆ

ಅತ್ತೆ ಓದಿದರು. ಪೂರ್ತಿ ವಾಕ್ಯ ತನ್ನದೇ ಎಂದು ಗೊತ್ತಾಗಿ ಅವರ ಮುಖ ಅರಳಿತು.

ನಾನು ಪೆನ್‌ಡ್ರೈವ್ ತೆಗೆದು ಮೆಲ್ಲಗೆ, "ಮಾವ, ಇದು ಸಂಧಿ ಮಾಡತ್ತೆ. ಮೊದಲನೇ ಅಕ್ಕಿಗೆ ಹಕಾರಾನೂ ಹಾಕತ್ತೆ" ಎಂದೆ. "ಅಲ್ಲ, ಇಷ್ಟಕ್ಕೆ ಕಂಪ್ಯೂಟರ್ ಯಾಕೆ? ನೋಟ್‌ಬುಕ್ಕಲ್ಲೇ ಬರೆದು ತೋರಿಸಬಹುದಿತ್ತಲ್ಲ?" ಎಂದೂ ಕೇಳಿದೆ.

"ಕೈಗೆ ಪೆನ್ನು ಬಂದರೆ ತಿದ್ದಿಬಿಡುತ್ತೇನಮ್ಮ" ಎಂದರು ಮಾವ. ನನ್ನ ಪೆನ್‌ಡ್ರೈವನ್ನು ನನ್ನ ಅಂಗೈಯಲ್ಲೇ ಇಟ್ಟು ಬೆರಳು ಮಡಿಸಿದರು. "ಇದು ಬ್ಯಾಡ ಕಣವ್ವ. ಅವಳು ಎಂಗ್ ಏಳುದ್ಲೋ ಅಂಗೇ ಇರ್ಲಿ."

ನಾನು ಸರಿಯಾಗಿಯೇ ಕೇಳಿಸಿಕೊಂಡೆನೇ? ನನಗಿಂತ ಮೊದಲು ಅತ್ತೆಗೆ ಕೇಳಿಸಿತ್ತು. ಅವರು ಗಂಡನ ಕಡೆ ತಿರುಗಿ, ಯಂತ್ರದ ಹಂಗಿಲ್ಲದೆ, ನೇರವಾಗಿ ಒಂದು ಮಾತು ಹೇಳಿದರು.

"ಓಗಿ."

"ಓಯ್ತೀನಿ ಕಣೆ" ಎಂದು ಮಾವ ಹಕ್ಕಿ ಓಡಿಸಲು ಅಂಗಳಕ್ಕೆ ಓಡಿದರು.