ನುಚ್ಚು ಭಾಳ ಐತಿ!

"ಸಕ್ಕರಿ ಬ್ಯಾನಿಗೆ ಹೆದರಿ ಓಣಿ ಓಣಿ ತಿರಗಾಕ ನಾ ಏನ್ ಪೋಸ್ಟಮನ್ನಾ? ಮನಿಯೊಳಗ ನಿಂತು ಇಳಸತೇನಿ ನೋಡ!"

ಹಿಂದವಾಡಿಯ ಅಕ್ಕಿ ವ್ಯಾಪಾರಿ ಗುರುಪಾದಪ್ಪ ಹೆಂಡತಿ ಬಾಳವ್ವನ ಎದುರು ಹೀಗೆ ರಣಕಹಳೆ ಊದಲು ಕಾರಣ ಮಗಳು ನಿಖಿತಾ. ಫಿಜಿಯೋಥೆರಪಿ ಓದುವ ಅವಳು ಕಾಲೇಜಿನಿಂದ ವಿಆರ್ ಕನ್ನಡಕ ತಂದಿದ್ದಳು. ಕಣ್ಣಿಗೆ ಕಟ್ಟಿಕೊಂಡರೆ ಮನೆ ಮಾಯ! ಎದುರಿಗೆ ಕಾಡು, ಹೊಳೆ, ತೇಲಿ ಬರುವ ಬಣ್ಣದ ಚೆಂಡುಗಳು. ಇಪ್ಪತ್ತು ನಿಮಿಷ ಅವನ್ನು ಗುದ್ದಬೇಕು. ಆಮೇಲೆ ಖುಷಿ ಎಷ್ಟಾಯಿತೆಂದು ಹತ್ತರೊಳಗೆ ಅಂಕ ಕೊಡಬೇಕು.

"ಎರಡು ವಾರ ನೋಡತೇವಿ ಅಪ್ಪಾ. ಖುಷಿ ಆದ್ರ ಮೂರು ತಿಂಗಳು ಮಶೀನ್ ನಿಮ್ಮ ಕಡೇನ ಇರತೈತಿ. ಇಲ್ಲಂದ್ರ ಮುಂಜಾನೆ ವಾಕಿಂಗ್."

ವಾಕಿಂಗ್ ಎಂದರೆ ದಾರಿಯುದ್ದಕ್ಕೂ "ಏನ್ ಸಾವಕಾರ್ರ, ಸಕ್ಕರೀನ?" ಎಂಬ ವಿಚಾರಣೆ. ಅದೊಂದು ಬೇಡವಾಗಿತ್ತು.

ಮೂರನೆಯ ದಿನ ಗುರುಪಾದಪ್ಪ ಹಾಡುತ್ತ ಗುದ್ದುತ್ತಿದ್ದಾಗ ಖಾನಾಪುರದ ರೈತ ಸಿದರಾಯ ಅಕ್ಕಿಯ ಮಾದರಿ ಹಿಡಿದು ಒಳಗೆ ಬಂದ. ಎಡಗೈ ಗುದ್ದಿಗೆ ಅವನ ತಲೆಯ ಪಟಕ ಹಾರಿತು. ಬಲಗೈ ಗುದ್ದಿಗೆ ಅಕ್ಕಿ ಮನೆ ತುಂಬ ಅಕ್ಷತೆಯಾಯಿತು!

"ಅಕ್ಕಿ ಬ್ಯಾಡಾಗಿದ್ರ ಬ್ಯಾಡನ್ರಿ ಸಾವಕಾರ್ರ, ಹೊಡೀತೀರಿ ಯಾಕ?"

ಅವನನ್ನು ಸಮಾಧಾನ ಮಾಡಲು ನಿಖಿತಾ ಅವನಿಗೂ ಐದು ನಿಮಿಷ ಕನ್ನಡಕ ಕಟ್ಟಿದಳು. ಆಮೇಲೆ ಅಪ್ಪನ ಕಡೆ ತಿರುಗಿದಳು. "ಹತ್ತರೊಳಗ ಎಷ್ಟ್ರಿ?"

ಮುಖದ ತುಂಬ ಬೆವರು, ಬಾಯಿ ತುಂಬ ನಗು. ಆದರೆ ನಾಲಿಗೆ ಮೂವತ್ತು ವರ್ಷ ಅಂಗಡಿಯಲ್ಲಿ ಪಳಗಿದ್ದು. ಮುತ್ತಿನಂಥ ಅಕ್ಕಿ ಅಂಗೈಗೆ ಬಂದರೂ "ನುಚ್ಚು ಭಾಳ ಐತಿ" ಎಂದು ಮೂಗು ಮುರಿಯುವುದೇ ಅದರ ಧರ್ಮ.

"ಮೂರು. ಕಾಡೇನೋ ಚೊಲೋ ಐತಿ, ನುಚ್ಚು ಭಾಳ."

"ಕುಣದು ಕುಣದು ನೆಲದ ಫರಸಿ ಸವಸೀರಿ, ಮೂರಾ?" ಬಾಳವ್ವ ಬೆರಗಾದಳು.

"ನಿನಗ ವ್ಯಾಪಾರ ತಿಳಿಯಂಗಿಲ್ಲ," ಎಂದು ಪಿಸುಗುಟ್ಟಿದ. "ಚೊಲೋ ಅಂದ್ರ ಇಷ್ಟಕ್ಕ ಮುಗೀತು. ಕಮ್ಮಿ ಅಂದ್ರ ಮ್ಯಾಲೊಂದು ಬೊಗಸಿ ಹಾಕತಾರ!"

ಅಂಕ ಒಂದು ದಿನವೂ ಮೂರರ ಮೇಲೆ ಏರದೆ ಎರಡು ವಾರ ಮುಗಿದವು. ಹದಿನೈದನೆಯ ದಿನ ನಿಖಿತಾ ಕನ್ನಡಕವನ್ನು ಡಬ್ಬಿಗೆ ತುಂಬತೊಡಗಿದಳು.

"ಎಲ್ಲಿಗೆ ಒಯ್ಯಾಕತ್ತಿ?"

"ಸಿದರಾಯ ಮಾಮಾಗ. ಅವರಿಗೂ ಸಕ್ಕರಿ ಐತಿ. ಅವರು ಐದು ನಿಮಿಷಕ್ಕ ಹತ್ತಕ್ಕ ಹತ್ತು ಕೊಟ್ರು. ನಿಮಗ ಖುಷೀನ ಬರವಲ್ದು, ಇದು ಒಗ್ಗೂದಿಲ್ಲ ಅಂದ್ರು ನಮ್ಮ ಕಾಲೇಜ್ ಮೇಡಮ್."

"ಹತ್ತು! ನಂದೂ ಹತ್ತು! ಹನ್ನೆರಡು ಬರಕೋ!"

"ಫಾರ್ಮ್ ಕೊಟ್ಟಾತು ಅಪ್ಪಾ."

ಮರುದಿನ ಮುಂಜಾನೆ ಮೂರು ಸುತ್ತು ನಡೆದು, ಏಳು ಜನರಿಗೆ ಸಕ್ಕರೆಯ ವರದಿ ಒಪ್ಪಿಸಿ ಗುರುಪಾದಪ್ಪ ಏದುಸಿರು ಬಿಡುತ್ತ ಬಂದ. ಬಾಳವ್ವ ಪೆನ್ನು ಹಿಡಿದು ಬಾಗಿಲಲ್ಲೇ ನಿಂತಿದ್ದಳು. "ಹತ್ತರೊಳಗ ಎಷ್ಟ್ರಿ?"

ಕಡಿಮೆ ಹೇಳಿದ್ದಕ್ಕೇ ಅಲ್ಲವೇ ಮಶೀನ್ ಕಿತ್ತುಕೊಂಡದ್ದು? ಹಾಗಾದರೆ ವಾಕಿಂಗನ್ನೂ ಕಿತ್ತುಕೊಳ್ಳಲಿ!

"ಒಂದು!"

"ಹಂಗಾರ ಖುಷಿ ಬರೂತನಕಾ ಇನ್ನೂ ಎರಡು ಸುತ್ತು."

"ಹತ್ತು! ಹತ್ತು!"

"ಅಷ್ಟು ಮನಸಿಗೆ ಬಂದ್ರ ಮೂರು ತಿಂಗಳು ಬಿಡಬ್ಯಾಡ್ರಿ."

ಗುರುಪಾದಪ್ಪ ಕೈಕಾಲು ತೊಳೆದು ಊಟಕ್ಕೆ ಕುಳಿತ. ತಾಟಿನಲ್ಲಿ ಅನ್ನದ ಸುಳಿವಿಲ್ಲ. ಬೇಯಿಸಿದ ಜೋಳದ ನುಚ್ಚು ಗುಡ್ಡದಂತೆ ಕುಳಿತಿತ್ತು. ಬಾಳವ್ವ ಮಜ್ಜಿಗೆ ಸುರಿದಳು.

"ಇವತ್ತ ಖರೇನ ನುಚ್ಚು ಭಾಳ ಐತಿ. ಉಣ್ರಿ!"