ಕೋಟೆ ಗಾರೆಯ ಬಚ್ಚಲುಮನೆ

ಶ್ರೀರಂಗಪಟ್ಟಣದ ಕೋಟೆ ಶತ್ರುಗಳ ಕೈಸೇರಿದ್ದಕ್ಕೆ ಇತಿಹಾಸಕಾರರು ಹತ್ತಾರು ಕಾರಣ ಕೊಡುತ್ತಾರೆ. ನನ್ನ ಸೋದರಮಾವನ ಪ್ರಕಾರ ಕಾರಣ ಒಂದೇ: ಆಗ ಅವರಿನ್ನೂ ಹುಟ್ಟಿರಲಿಲ್ಲ!

ತೊಂಬತ್ತರ ದಶಕದ ಮೊದಲ ವರ್ಷಗಳಿರಬೇಕು. (ನನ್ನ ನೆನಪನ್ನು ಪೂರ್ತಿ ನಂಬಬೇಡಿ, ನಾನೇ ನಂಬುವುದಿಲ್ಲ.) ಪಾಂಡವಪುರದ ಹತ್ತಿರದ ಹಳ್ಳಿಯಲ್ಲಿ ಮಾವನ ಮನೆ. ಹಿತ್ತಲಿನ ಬಚ್ಚಲಿಗೆ ತೆಂಗಿನ ಗರಿಯ ತಡಿಕೆಯೇ ಗೋಡೆ. ಮಗಳು ಚೊಚ್ಚಲ ಹೆರಿಗೆಗೆ ಬರುವವಳಿದ್ದಳು.

"ಈ ಗಾಳೀಲಿ ಬಾಣಂತಿಗೆ ನೀರು ಉಯ್ಯಕ್ಕಾಯ್ತದಾ? ಅವಳು ಬರೋದ್ರೊಳಗೆ ನಾಕು ಗೋಡೆ ಎಬ್ಬಿಸಿ" ಎಂದು ಅತ್ತೆ ಅಪ್ಪಣೆ ಮಾಡಿದರು.

ಇಟ್ಟಿಗೆ ಬಂತು. ಸಿಮೆಂಟು ತರಬೇಕಿದ್ದ ಮಾವ ಯಾರದೋ ಮದುವೆಗೆಂದು ಶ್ರೀರಂಗಪಟ್ಟಣಕ್ಕೆ ಹೋದವರು, ಊಟ ಮುಗಿಸಿ ಕೋಟೆಗೋಡೆಗೆ ಮೊಳೆ ಹೊಡೆದು ನೋಡಿ, ಕಾವಲುಗಾರನಿಂದ ಬೈಸಿಕೊಂಡು, ಬರಿಗೈಯಲ್ಲಿ ವಾಪಸಾದರು.

"ಮೊಳೆ ಬಗ್ಗೋಯ್ತು ಕಣ್ಲಾ, ಗೋಡೆ ಅಳ್ಳಾಡ್ಲಿಲ್ಲ! ಸಿಮೆಂಟಂತೆ ಸಿಮೆಂಟು, ಒಲೆ ಬೂದಿ! ಕೋಟೆ ಗಾರೆಯ ನಾನೇ ಮಾಡ್ತೀನಿ."

ಅದಕ್ಕೆ ಏನೇನು ಬೀಳಬೇಕು? ಕೆ.ಆರ್. ಪೇಟೆಯಲ್ಲಿ ಒಬ್ಬರು ಸುಣ್ಣ, ಮರಳು, ಬೆಲ್ಲ, ಅಳಲೆಕಾಯಿ ಎಂದರು. ನಾಗಮಂಗಲದಲ್ಲೊಬ್ಬರು ಮೊಟ್ಟೆಯ ಬಿಳಿ ಎಂದರು. ಮಾವ ಯಾರ ಮನಸ್ಸನ್ನೂ ನೋಯಿಸಲಿಲ್ಲ, ಎಲ್ಲವನ್ನೂ ಹಾಕಿದರು.

ನಾನಾಗ ಮೈಸೂರಿನಲ್ಲಿ ರಸಾಯನಶಾಸ್ತ್ರದ ಎಂ.ಎಸ್ಸಿ. ಮುಗಿಸಿ, ಕಂಡದ್ದನ್ನೆಲ್ಲ ಅನುಮಾನಿಸುತ್ತ ತಿರುಗುತ್ತಿದ್ದೆ. "ಕೋಟೆಗೆ ಮೊಟ್ಟೆ ಹಾಕಿದ್ರು ಅನ್ನೋಕೆ ಆಧಾರ ಏನು ಮಾವ?" ಎಂದೆ.

"ಹಾಕಿಲ್ಲ ಅನ್ನಕ್ಕೆ ನಿನ್ನತ್ರ ಏನದೆ? ಆವತ್ತು ನೀನಲ್ಲಿದ್ಯೇನ್ಲಾ?"

ಇರಲಿಲ್ಲ. ಬುಟ್ಟಿ ಹಿಡಿದು ಮೊಟ್ಟೆ ತರಲು ಹೊರಟೆ.

ಬಿಳಿಯೆಲ್ಲ ಗೋಡೆಗೆ. ಹಳದಿ? ನಮಗೆ! ಸಾರಿನಲ್ಲಿ ಹಳದಿ, ಪಲ್ಯದಲ್ಲಿ ಹಳದಿ, ಕೊನೆಗೆ ಉಪ್ಪಿಟ್ಟಿನಲ್ಲೂ ಹಳದಿ! ಎಷ್ಟು ಮೊಟ್ಟೆ ಒಡೆದೆವೋ ಖಚಿತವಾಗಿ ಹೇಳಲಾರೆ. ಈ ಕತೆ ಹೇಳುವಾಗಲೆಲ್ಲ ನನ್ನ ನೆನಪಿನ ಕೋಳಿಗಳು ಇನ್ನೊಂದಿಷ್ಟು ಇಟ್ಟುಬಿಡುತ್ತವೆ. ಆದರೆ ಅತ್ತೆಯ ಮಾತು ಮಾತ್ರ ಇನ್ನೂ ಕಿವಿಯಲ್ಲಿದೆ: "ಈ ದುಡ್ಡಲ್ಲಿ ಊರಿಗೆಲ್ಲಾ ಬಚ್ಚಲು ಕಟ್ಟಿಸ್ಬೋದಿತ್ತು!"

ಇನ್ನು ಬೆಲ್ಲದ ನೀರಿನ ಕತೆ. ಅಳಲೆಕಾಯಿ ಕುಟ್ಟಿಹಾಕಿ, ಬೆಲ್ಲ ಕರಗಿಸಿ, ಬಾನಿಗಳಲ್ಲಿ ಕೊಳೆಯಲು ಬಿಟ್ಟಿದ್ದರು. ವಾರ ಕಳೆಯುವಷ್ಟರಲ್ಲಿ ಅದು ಬುಸಬುಸನೆ ನೊರೆಯೆದ್ದು, ಘಮಲು ಬೀದಿ ದಾಟಿತು. ಕಳ್ಳಭಟ್ಟಿ ವಾಸನೆ ಯಾರಿಗೆ ಗೊತ್ತಾಗುವುದಿಲ್ಲ? ಸಂಜೆಯಾದರೆ ಊರ ಗಂಡಸರು ಮಾವನ ಆರೋಗ್ಯ ವಿಚಾರಿಸಲು ಹಿತ್ತಲಿಗೇ ಬರತೊಡಗಿದರು! ಅವರ ಹಿಂದೆಯೇ ಇಬ್ಬರು ಪೊಲೀಸರೂ ಬಂದರು.

"ಏನಯ್ಯಾ ಇದು?"

"ಗೋಡೆಗೆ ಸಾ."

"ಗೋಡೆ ಕುಡೀತದಾ?"

"ನಾವು ಕುಡುದ್ರೆ ಬೀಳ್ತೀವಿ, ಗೋಡೆ ಕುಡುದ್ರೆ ನಿಲ್ತದೆ ಸಾ!"

ಒಬ್ಬ ಪೊಲೀಸಪ್ಪ ಬೆರಳದ್ದಿ ನೆಕ್ಕಿದ. ಅಳಲೆಕಾಯಿಯ ಒಗರು! ಅವನ ಮುಖ ನೋಡಿದ ಮೇಲೆ ತನಿಖೆ ಮುಂದುವರಿಯಲಿಲ್ಲ.

ಅಂತೂ ಗೋಡೆ ಏಳತೊಡಗಿತು. ಇಟ್ಟಿಗೆಯ ಒಂದೊಂದು ವರಸೆಯೂ ಒಣಗಲು ಕಾಯಬೇಕು. ಒಣಗುವಷ್ಟರಲ್ಲಿ ಬೆಲ್ಲದ ರುಚಿ ಹಿಡಿದು ತಾಲ್ಲೂಕಿನ ಇರುವೆಗಳೆಲ್ಲ ಮೆರವಣಿಗೆ ಬರಬೇಕು. ತಿಂಗಳುಗಟ್ಟಲೆ ದುಡಿದರೂ ಗೋಡೆ ಮೊಣಕಾಲು ದಾಟಲಿಲ್ಲ.

"ಯಾವಾಗ ಮುಗೀತದೆ ನಿಮ್ ಕೋಟೆ?" ಅತ್ತೆ ಕೇಳಿದರು.

"ಅವಸ್ರ ಬಿದ್ದು ಯಾರಾದ್ರೂ ಕೋಟೆ ಕಟ್ಟವ್ರೇನಮ್ಮೀ?"

ಮಗಳು ಬಂದಳು. ಬಂದ ವಾರಕ್ಕೇ, ದಿನ ತುಂಬುವ ಮೊದಲೇ, ಪಾಂಡವಪುರದ ಆಸ್ಪತ್ರೆಯಲ್ಲಿ ಹೆರಿಗೆಯಾಯಿತು. ಕೂಸು ಅಂಗೈಯಗಲ. ಮಾವ ಬಗ್ಗಿ ನೋಡಿದರು. ನೋಡಿದವರೇ ಹೊರಗೆ ನಡೆದರು. ಮಧ್ಯಾಹ್ನ ನಾನು ಹಳ್ಳಿಗೆ ಬಂದಾಗ ಹಿತ್ತಲಲ್ಲಿ ಸಿಮೆಂಟಿನ ಮೂಟೆಗಳು. ಮಾವ ಪಂಚೆ ಎತ್ತಿಕಟ್ಟಿ ತಾವೇ ಕಲಸುತ್ತಿದ್ದರು.

"ಏನ್ ಮಾವ, ಒಲೆ ಬೂದಿ?" ನಾನು ನಕ್ಕೆ.

ಅವರು ತಲೆ ಎತ್ತಲಿಲ್ಲ. "ಗಾರೆ ಒಣಗೋಗಂಟ ಆ ಕೂಸು ಕಾಯ್ತದೇನ್ಲಾ? ನೀರು ಉಯ್ಯಿ."

ತಾಯಿ ಮಗು ಮನೆಗೆ ಬರುವ ಹೊತ್ತಿಗೆ ನಾಲ್ಕು ಗೋಡೆ ಎದ್ದಿತ್ತು. ಬಾಗಿಲು ಕೂರಿಸುವುದಕ್ಕೆ ಮಾತ್ರ ಆಗಿರಲಿಲ್ಲ. ಮೊದಲ ನೀರಿನ ದಿನ ಹಾಳು ಗಾಳಿ ನೇರ ಅದೇ ಕಡೆಯಿಂದ ಬೀಸುತ್ತಿತ್ತು. ಮಾವ ಕಂಬಳಿ ತಂದು, ಬಾಗಿಲಿಗೆ ಬೆನ್ನು ಮಾಡಿ, ಎರಡೂ ಕೈ ಚಾಚಿ ಅಡ್ಡ ಹಿಡಿದು ನಿಂತರು. ಒಳಗೆ ಹಂಡೆಯ ನೀರು ಸುರಿಯುವ ಸದ್ದು. ಕಂಬಳಿ ಜಾರಿದಷ್ಟೂ ಅವರು ಕೈ ಮೇಲೆತ್ತುತ್ತಿದ್ದರು.

"ಮುಗೀತು, ಕೈ ಇಳಿಸಿ" ಎಂದರು ಅತ್ತೆ ಒಳಗಿಂದ.

"ತಡಿ," ಎಂದರು ಮಾವ, "ಮಗಳು ತಲೆ ಒರೆಸ್ಕಳ್ಳಿ."