ಚಿಕ್ಕತಾಯಮ್ಮನ ಗೋಡೆ ಮತ್ತು ನನ್ನ ಮಿಲ್ಲು

ಹಿಟ್ಟಿನ ಮಿಲ್ಲು ನಡೆಸುವವನನ್ನು ಸದ್ದಿನ ಬಗ್ಗೆ ಕೇಳಬಾರದು. ನನಗಂತೂ ಮಿಲ್ಲು ಓಡುತ್ತಿದ್ದರೇ ಕುರ್ಚಿಯಲ್ಲಿ ಕಣ್ಣು ಹತ್ತುತ್ತದೆ. ಕರೆಂಟು ಹೋದರೆ ಗಾಬರಿಯಿಂದ ಎಚ್ಚರವಾಗುತ್ತದೆ. ಮದ್ದೂರಿನ ನಮ್ಮ ಬೀದಿಯವರೆಲ್ಲ ಹೀಗೇ ಸುಖವಾಗಿದ್ದಾರೆಂದು ನಾನು ನಂಬಿದ್ದೆ. ಒಂದು ಬೆಳಿಗ್ಗೆ ಪಕ್ಕದ ಮನೆಯ ಚಿಕ್ಕತಾಯಮ್ಮ ಬಂದು ನನ್ನ ನಂಬಿಕೆ ಕೆಡಿಸಿದಳು. ಹಿರಿಯಳು, ನಾನು ಕರೆಯುವುದು ದೊಡ್ಡವ್ವ ಎಂದು.

"ನನ್ ಮಗ್ಳು ನಾಡಿದ್ದು ಮಗೀನ್ ಎತ್ಕಂಡು ಬತ್ತಾವ್ಳೆ ಕಣ್ಲಾ ಪುಟ್ಸಾಮಿ. ಬಾಣಂತಿ ಕ್ವಾಣೆ ಇರಾದು ನಿನ್ ಮಿಲ್ ಮಗ್ಗುಲ್ಗೇ. ಗ್ವಾಡೆ ಅದುರ್ತೋ, ಪುರಸಭೆಗೋಗಿ ಮಿಲ್ಲಿಗೆ ಬೀಗ ಆಕುಸ್ಬುಡ್ತೀನಿ."

ಬರೀ ಬೆದರಿಕೆಯಲ್ಲ ಅದು. ನಲ್ಲಿಯಲ್ಲಿ ನೀರು ಬರಲಿಲ್ಲವೆಂದು ಖಾಲಿ ಕೊಡವನ್ನು ಒಯ್ದು ಪುರಸಭೆಯ ಸಾಹೇಬರ ಮೇಜಿನ ಮೇಲೇ ಇಟ್ಟು ಬಂದ ಹೆಂಗಸು ಆಕೆ. ನಮ್ಮ ಮನೆಯ ಒಲೆ ಉರಿಯುವುದೋ ಆ ಮಿಲ್ಲೊಂದರಿಂದ.

ಮೊಬೈಲಿನಲ್ಲಿ ವಿಡಿಯೊ ನೋಡಿ ಪಂಡಿತನಾದೆ. ಯಂತ್ರದ ಅದುರಾಟ ನೆಲಕ್ಕಿಳಿದು, ನೆಲದಿಂದ ಗೋಡೆಗೆ ಹತ್ತುತ್ತದಂತೆ. ಆ ದಾರಿ ಕಡಿಯಬೇಕಂತೆ. ಸರಿ, ನೆಲದ ಸಹವಾಸವೇ ಬೇಡವೆಂದು ಯಂತ್ರದ ಬೋಲ್ಟುಗಳನ್ನು ಸಡಿಲಿಸಿ ಸ್ವಿಚ್ಚು ಒತ್ತಿದೆ. ಅದು ಗಡಗಡ ಎನ್ನುತ್ತ, ರಾಗಿ ತಂದಿದ್ದ ಗಿರಾಕಿಯ ಕಡೆಗೆ ನಡೆದುಕೊಂಡೇ ಹೊರಟಿತು. ಆತ ರಾಗಿ ಬಿಟ್ಟು ಬೀದಿಗೆ ಹಾರಿದ. "ಹಗ್ಗ ಆದ್ರೂ ಕಟ್ರಿ ಅದುಕ್ಕೆ, ಬಸ್ ಸ್ಟ್ಯಾಂಡಿಗೆ ಒಂಟೋದಾತು!" ಎಂದು ನನ್ನ ಹೆಂಡತಿ ಕೂಗಿದಳು.

ಆಮೇಲೆ ಬುದ್ಧಿ ಬಂತು. ಓಲಾಡುತ್ತಿದ್ದ ಬೆಲ್ಟಿನ ಪುಲ್ಲಿಯನ್ನು ಬದಲಿಸಿದೆ. ಯಂತ್ರ ಕೂತ ಕಟ್ಟೆಯನ್ನು ಗೋಡೆಗೆ ತಾಗದಂತೆ ಒಡೆಸಿ ನಡುವೆ ಸಂದು ಬಿಡಿಸಿದೆ. ಟ್ರ್ಯಾಕ್ಟರಿನ ಹಳೇ ಟೈರು ಕತ್ತರಿಸಿ ಯಂತ್ರದ ಕಾಲಡಿಗೆ ಕೊಟ್ಟು, ಬೋಲ್ಟು ಬಿಗಿದು, ದೊಡ್ಡವ್ವನನ್ನು ಪರೀಕ್ಷೆಗೆ ಕರೆದೆ. ಆಕೆ ಬಾಣಂತಿ ಕೋಣೆಯಲ್ಲಿ ಮಿಲ್ಲಿನ ಕಡೆಯ ಗೋಡೆಗೆ ಒತ್ತಿ ಒಂದು ಸ್ಟೂಲಿಟ್ಟು, ಅದರ ಮೇಲೆ ಕಂಠಮಟ್ಟ ನೀರು ತುಂಬಿದ ಲೋಟ ಇಟ್ಟಳು. ನಾನು ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತೆ. ಆಚೆಯಿಂದ ಹೆಂಡತಿ ಮಿಲ್ಲು ಹಾಕಿದಳು.

ನೀರು ಅಲುಗಿತು. ಸಣ್ಣಗೆ, ಅಂಚಿನಿಂದ ನಡುವಿಗೆ. ಮಿಲ್ಲಿಗೆ ಬೀಗ ಬಿತ್ತು ಎಂದುಕೊಂಡೆ.

"ನಿಲ್ಸವ್ವಾ!" ಎಂದು ದೊಡ್ಡವ್ವ ಕಿಟಕಿಯಲ್ಲಿ ಕೂಗಿದಳು. ಮಿಲ್ಲು ನಿಂತಿತು. ನೀರು ಮಾತ್ರ ಅಲುಗುತ್ತಲೇ ಇತ್ತು.

ಆಕೆ ಲೋಟ ನೋಡಿದಳು. ಆಮೇಲೆ ಸ್ಟೂಲಿನ ಅಂಚನ್ನು ಗಟ್ಟಿಯಾಗಿ ಹಿಡಿದಿದ್ದ ನನ್ನ ಕೈ ನೋಡಿದಳು.

"ಕೈ ತಗೀಲಾ."

ತೆಗೆದೆ. ನೀರು ನಿಂತಿತು. ಮತ್ತೆ ಮಿಲ್ಲು ಹಾಕಿಸಿದಳು; ಆಗಲೂ ನೀರು ನಿಂತೇ ಇತ್ತು.

"ಮಿಲ್ ಓಡುಸ್ಕೋ ಓಗು," ಎಂದಳು. "ಆದ್ರೆ ಮಗೀನ್ ನೋಡಕ್ ಬಂದಾಗ ತೊಟ್ಲು ಮಾತ್ರ ಮುಟ್ಬ್ಯಾಡ."

ಮಗುವನ್ನು ನೋಡಲು ಹೋದಾಗ ಎರಡು ಕೈಯನ್ನೂ ಬೆನ್ನ ಹಿಂದೆ ಕಟ್ಟಿಕೊಂಡೇ ನಿಂತಿದ್ದೆ.